ಒಂದೇ ಕಡತ, ಮೂರು ಉತ್ತರ

2024ರ ಅಕ್ಟೋಬರ್ 14ರಂದು ಬೆಂಗಳೂರಿನ ಸೆಷನ್ಸ್ ಕೋರ್ಟ್ ಕೊಲೆ ಪ್ರಕರಣವೊಂದರಲ್ಲಿ ನಟ ದರ್ಶನ್ ಅವರ ಜಾಮೀನು ಅರ್ಜಿಯನ್ನು ವಜಾ ಮಾಡಿತು. ಎರಡು ತಿಂಗಳು ತುಂಬುವ ಮುನ್ನ, ಡಿಸೆಂಬರ್ 13ರಂದು, ಹೈಕೋರ್ಟ್ ಅವರಿಗೂ ಇತರ ಆರು ಮಂದಿಗೂ ಜಾಮೀನು ಕೊಟ್ಟಿತು. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿ ಏಳೂ ಮಂದಿಯನ್ನು ಜೈಲಿಗೆ ವಾಪಸು ಕಳಿಸಿತು. ಮೂರೂ ಕೋರ್ಟುಗಳ ಮುಂದಿದ್ದ ಎಫ್‌ಐಆರ್ ಒಂದೇ, ಸುಮಾರು ನಾಲ್ಕು ಸಾವಿರ ಪುಟಗಳ ದೋಷಾರೋಪ ಪಟ್ಟಿಯೂ ಅದೇ. ಅಭಿಮಾನಿಗಳು ಒಮ್ಮೆ ಸಂಭ್ರಮಿಸಿದರು, ಒಮ್ಮೆ ಕಣ್ಣೀರಿಟ್ಟರು. ಉಳಿದವರು ‘ದುಡ್ಡಿದ್ದವರಿಗೆ ಬೇಲ್’ ಎಂದು ಒಮ್ಮೆ, ‘ಸುಪ್ರೀಂ ಕೋರ್ಟ್ ಬಿಡಲಿಲ್ಲ ನೋಡಿ’ ಎಂದು ಇನ್ನೊಮ್ಮೆ ಮಾತಾಡಿಕೊಂಡರು. ಕೊಲೆ ಆರೋಪ ನಿಜವೇ ಸುಳ್ಳೇ ಎಂಬುದನ್ನು ಮೂರರಲ್ಲಿ ಯಾವ ಕೋರ್ಟೂ ತೀರ್ಮಾನಿಸಿರಲಿಲ್ಲ. ತೀರ್ಮಾನಿಸುವ ಅಧಿಕಾರವೂ ಆ ಹಂತದಲ್ಲಿ ಅವಕ್ಕೆ ಇರಲಿಲ್ಲ.

ಹಾಗಾದರೆ ಜಡ್ಜ್ ಅಷ್ಟು ಹೊತ್ತು ನೋಡಿದ್ದೇನು?

ಜಿಲ್ಲಾ ಕೇಂದ್ರದ ಯಾವುದಾದರೂ ಸೆಷನ್ಸ್ ಕೋರ್ಟಿಗೆ ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಬೇಲ್ ಅರ್ಜಿಯ ಜಾತಕ ಕಾಣುತ್ತದೆ. ಕೊಲೆ ಕೇಸಿನಲ್ಲಿ ಮ್ಯಾಜಿಸ್ಟ್ರೇಟರ ಕೈ ಬಹುಪಾಲು ಕಟ್ಟಿರುತ್ತದೆ. ಮರಣದಂಡನೆ ಇಲ್ಲವೇ ಜೀವಾವಧಿ ಶಿಕ್ಷೆಯ ಅಪರಾಧ ಮಾಡಿದ್ದಾನೆಂದು ನಂಬಲು ಆಧಾರವಿದ್ದರೆ ಅವರು ಬಿಡುವಂತಿಲ್ಲ. ಹೆಂಗಸರು, ಮಕ್ಕಳು, ಕಾಯಿಲೆಯವರ ವಿಷಯದಲ್ಲಿ ಮಾತ್ರ ಕಾನೂನು ಒಂದು ಕಿಂಡಿ ಬಿಟ್ಟಿದೆ. ಹೀಗಾಗಿ ಅರ್ಜಿ ನೇರ ಸೆಷನ್ಸಿಗೆ ಬರುತ್ತದೆ. ಅಲ್ಲಿ ಸರ್ಕಾರಿ ವಕೀಲರಾದ ಪಿಪಿಯವರ ಆಕ್ಷೇಪಣೆಗೆ ಒಂದು ತಾರೀಖು ಸಿಗುತ್ತದೆ. ಅರ್ಜಿಯಲ್ಲಿರುವ ಸಾಲುಗಳು ಎಲ್ಲರಿಗೂ ಬಾಯಿಪಾಠ: ಅರ್ಜಿದಾರ ಅಮಾಯಕ, ಕುಟುಂಬಕ್ಕೆ ಏಕೈಕ ಆಧಾರ, ಕೋರ್ಟ್ ವಿಧಿಸುವ ಯಾವ ಷರತ್ತಿಗೂ ಬದ್ಧ. ಆಕ್ಷೇಪಣೆಯೂ ಅಷ್ಟೇ: ತಲೆಮರೆಸಿಕೊಳ್ಳುತ್ತಾನೆ, ಸಾಕ್ಷಿಗಳನ್ನು ಬೆದರಿಸುತ್ತಾನೆ, ಅಪರಾಧ ಘೋರ ಸ್ವರೂಪದ್ದು. ಎರಡೂ ಕಡೆಯವರು ಹೆಸರು, ಕ್ರೈಂ ನಂಬರು ಬದಲಿಸಿ ಹಳೆಯ ಪ್ರತಿಯನ್ನೇ ಸಲ್ಲಿಸಿದ್ದಾರೇನೋ ಎಂದು ಅನುಮಾನ ಬರುವಷ್ಟು ಹೋಲಿಕೆ. ನಿಜವಾದ ವಾದ ನಡೆಯುವುದು ಈ ಎರಡು ಕಾಗದಗಳ ಆಚೆ.

ಊರ ಜಗಳವೊಂದರಲ್ಲಿ ಕೊಲೆಯಾಗಿ ಎಂಟು ಮಂದಿಯ ಮೇಲೆ ಕೇಸು ಬಿದ್ದಿದೆ ಎಂದಿಟ್ಟುಕೊಳ್ಳಿ. ದೂರಿನ ಪ್ರಕಾರ ಎ-1 ಮಚ್ಚಿನಿಂದ ಹೊಡೆದ, ಎ-2 ದೊಣ್ಣೆ ಬೀಸಿದ, ಎ-3 ಕೈ ಹಿಡಿದುಕೊಂಡಿದ್ದ, ಉಳಿದ ಐವರು ‘ಬಿಡಬೇಡಿ ಅವನ್ನ’ ಎಂದು ಕೂಗಿದರು. ಅಕ್ರಮ ಕೂಟದ ಕಲಮು ಸೇರಿದ್ದರಿಂದ ಕಾಗದದ ಮೇಲೆ ಎಂಟೂ ಮಂದಿಯ ಮೇಲಿರುವುದು ಕೊಲೆ ಆರೋಪವೇ. ಬೇಲ್ ಹಂತದಲ್ಲಿ ಮಾತ್ರ ವಕೀಲರು ‘ಓವರ್ಟ್ ಆಕ್ಟ್’ ಎಂಬ ಜರಡಿ ಹಿಡಿಯುತ್ತಾರೆ. ಯಾರು ಏನು ಮಾಡಿದ ಎಂದು ನಿರ್ದಿಷ್ಟವಾಗಿ ಹೇಳಿದ್ದಾರೆಯೇ? ಪೋಸ್ಟ್‌ಮಾರ್ಟಂ ವರದಿಯಲ್ಲಿ ಮಚ್ಚಿನ ಗಾಯ ಮಾತ್ರ ಇದ್ದು ದೊಣ್ಣೆಯ ಗಾಯದ ಸುಳಿವೇ ಇಲ್ಲದಿದ್ದರೆ ಎ-2ನ ವಕೀಲರಿಗೆ ಹಬ್ಬ. ಕೂಗಿದ ಐವರು ಸಾಮಾನ್ಯವಾಗಿ ಮೊದಲು ಹೊರಬರುತ್ತಾರೆ, ಕೈ ಹಿಡಿದವನು ಅವರ ಹಿಂದೆ. ಅವನಿಗೆ ಸಿಕ್ಕ ಮೇಲೆ ಎ-2 ‘ಪ್ಯಾರಿಟಿ’ ಕೇಳುತ್ತಾನೆ: ಅವನಿಗೆ ಕೊಟ್ಟ ಮೇಲೆ ನನಗೇಕಿಲ್ಲ? ಮಚ್ಚು ಹಿಡಿದವನ ಮನೆಯವರಿಗೆ ಹಿರಿಯ ವಕೀಲರು ಹೇಳುವ ಮಾತು ಒಂದೇ: ‘ಈಗ ಹಾಕಬೇಡಿ, ಚಾರ್ಜ್‌ಶೀಟ್ ಬರಲಿ.’ ತನಿಖೆ ನಡೆಯುತ್ತಿರುವಾಗ ಬಿಟ್ಟರೆ ಸಾಕ್ಷ್ಯ ಕೆಡಿಸುತ್ತಾನೆ ಎಂಬ ವಾದಕ್ಕೆ ತೂಕ ಹೆಚ್ಚು. ಚಾರ್ಜ್‌ಶೀಟ್ ಬಿದ್ದ ಮೇಲೆ, ವಶಪಡಿಸಿಕೊಳ್ಳುವುದೆಲ್ಲ ಮುಗಿದು ವಿಧಿವಿಜ್ಞಾನ ಪ್ರಯೋಗಾಲಯವಾದ ಎಫ್‌ಎಸ್‌ಎಲ್‌ಗೆ ಹೋದ ಮೇಲೆ, ಅದೇ ವಾದ ಸೊರಗುತ್ತದೆ.

ಕೋರ್ಟುಗಳು ಇದನ್ನೆಲ್ಲ ಸುಪ್ರೀಂ ಕೋರ್ಟಿನ ಕೆಲವು ತೀರ್ಪುಗಳ ನೆರಳಿನಲ್ಲಿ ಮಾಡುತ್ತವೆ. ಎಲ್ಲರೂ ಉಲ್ಲೇಖಿಸುವುದು 1977ರ ಬಾಲಚಂದ್ ಪ್ರಕರಣ. ಜಾಮೀನೇ ನಿಯಮ, ಜೈಲು ಅಪವಾದ ಎಂಬ ಮಾತಿನ ಬೇರು ಅಲ್ಲಿದೆ. ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಭಾಷಣಗಳಲ್ಲಿ ಆ ಮಾತನ್ನು ಅರ್ಧಕ್ಕೇ ನಿಲ್ಲಿಸುವುದು ರೂಢಿಯಾಗಿದೆ. ಅಯ್ಯರ್ ಅದೇ ಉಸಿರಿನಲ್ಲಿ ವಿನಾಯಿತಿಗಳನ್ನೂ ಹೇಳಿದ್ದರು: ಓಡಿಹೋಗುವ, ನ್ಯಾಯದ ದಾರಿಗೆ ಅಡ್ಡ ಬರುವ, ಮತ್ತೆ ಅಪರಾಧ ಮಾಡುವ, ಸಾಕ್ಷಿಗಳನ್ನು ಹೆದರಿಸುವ ಸೂಚನೆ ಇದ್ದರೆ ಮಾತು ಬೇರೆ, ಅಪರಾಧದ ಘೋರತೆಯನ್ನೂ ಮರೆಯುವಂತಿಲ್ಲ. ಗಂಭೀರ ಪ್ರಕರಣಗಳ ಬೇಲ್ ಅರ್ಜಿಗಳೆಲ್ಲ ಬದುಕುವುದು ಆ ಎರಡನೇ ಅರ್ಧದಲ್ಲಿ. 2010ರ ಪ್ರಶಾಂತ ಕುಮಾರ್ ಸರ್ಕಾರ್ ತೀರ್ಪು ಅದನ್ನೇ ಬಿಡಿಸಿ ಹೇಳಿತು: ಮೇಲ್ನೋಟಕ್ಕೆ ಆರೋಪ ನಂಬುವಂತಿದೆಯೇ, ಶಿಕ್ಷೆ ಎಷ್ಟು ಕಠಿಣ, ಆರೋಪಿಯ ನಡತೆ ಮತ್ತು ಸಮಾಜದಲ್ಲಿನ ಸ್ಥಾನಮಾನವೇನು, ಓಡಿಹೋಗುವ ಅಪಾಯವಿದೆಯೇ, ಸಾಕ್ಷಿಗಳ ಮೇಲೆ ಪ್ರಭಾವ ಬೀರಬಲ್ಲನೇ. ‘ಸ್ಥಾನಮಾನ’ ಎಂಬುದು ಆರೋಪಿಯ ಪರವಾಗಿ ಮಾತ್ರ ಕೆಲಸ ಮಾಡುತ್ತದೆ ಎಂದು ನಾವು ತಿಳಿಯುತ್ತೇವೆ. ಸಾಕ್ಷಿಗಳು ತಾವಾಗಿಯೇ ಹಿಂಜರಿಯುವಷ್ಟು ದೊಡ್ಡ ಹೆಸರಿದ್ದರೆ ಅದೇ ತಿರುಗುಬಾಣ.

ದರ್ಶನ್ ಪ್ರಕರಣಕ್ಕೆ ಮರಳೋಣ. ಹೈಕೋರ್ಟ್ ಕೊಟ್ಟ ಕಾರಣಗಳಲ್ಲಿ ಎರಡು ಮುಖ್ಯ: ಬಂಧನದ ಕಾರಣಗಳನ್ನು ಆರೋಪಿಗಳಿಗೆ ಸಕಾಲದಲ್ಲಿ ಲಿಖಿತವಾಗಿ ಕೊಟ್ಟಿರಲಿಲ್ಲ, ಪ್ರತ್ಯಕ್ಷ ಸಾಕ್ಷಿಗಳ ಹೇಳಿಕೆ ದಾಖಲಿಸಲು ಪೊಲೀಸರು ತಡ ಮಾಡಿದ್ದರು. ಎರಡೂ ಹುರುಳಿಲ್ಲದ ಕಾರಣಗಳಲ್ಲ. ಬಂಧನದ ಕಾರಣವನ್ನು ಬರಹದಲ್ಲೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹಣ ಅಕ್ರಮ ವರ್ಗಾವಣೆ ಪ್ರಕರಣಗಳಿಗೆ, 2024ರಲ್ಲಿ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) ಪ್ರಕರಣಗಳಿಗೆ ಕಡ್ಡಾಯ ಮಾಡಿತ್ತು. ಆದರೂ ನ್ಯಾಯಮೂರ್ತಿ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ ಒಪ್ಪಲಿಲ್ಲ. ಲಿಖಿತವಾಗಿ ಕೊಡದ್ದರಿಂದ ಆರೋಪಿಗಳಿಗೆ ಯಾವ ಧಕ್ಕೆಯಾಯಿತೆಂದು ತೋರಿಸಿಲ್ಲ ಎಂದಿತು. ಸಾಕ್ಷಿ ಹೇಳಿಕೆ ತಡವಾದದ್ದೇಕೆ, ಅದನ್ನು ನಂಬಬೇಕೇ ಎಂಬುದು ವಿಚಾರಣಾ ಕೋರ್ಟಿನ ಕೆಲಸ, ಬೇಲ್ ಹಂತದಲ್ಲೇ ಅದನ್ನು ತೂಗಿದ್ದು ತಪ್ಪು ಎಂದಿತು. ಜೈಲಿನಲ್ಲಿ ಐಷಾರಾಮಿ ಉಪಚಾರ ಕಂಡರೆ ಮೊದಲು ಸೂಪರಿಂಟೆಂಡೆಂಟರನ್ನೇ ಅಮಾನತು ಮಾಡಿಸುವುದಾಗಿ ಪಾರ್ದೀವಾಲಾ ಎಚ್ಚರಿಸಿದ್ದು ಸುದ್ದಿಯಾಯಿತು. ಮುಂದಿನ ಬೇಲ್ ಅರ್ಜಿಗಳಿಗೆ ಬೇಕಾದದ್ದು ಸುದ್ದಿಯಾಗದ ಭಾಗದಲ್ಲಿದೆ. ಜಾಮೀನು ‘ರದ್ದು’ ಎಂದು ಪತ್ರಿಕೆಗಳು ಬರೆಯುವುದರಲ್ಲಿ ಎರಡು ಬಗೆ. ಹೊರಬಂದವನು ಷರತ್ತು ಮುರಿದ, ಸಾಕ್ಷಿಯನ್ನು ಹೆದರಿಸಿದ ಎಂದು ಜಾಮೀನು ಕಿತ್ತುಕೊಳ್ಳುವುದು ಒಂದು. ಅವನು ಏನೂ ಮಾಡದಿದ್ದರೂ, ಕೊಟ್ಟ ಆದೇಶವೇ ಮುಖ್ಯ ಸಂಗತಿಗಳನ್ನು ಬಿಟ್ಟು ಅಪ್ರಸ್ತುತವಾದದ್ದನ್ನು ಹಿಡಿದಿದೆ ಎಂದು ಮೇಲಿನ ಕೋರ್ಟ್ ಅಳಿಸಿಹಾಕುವುದು ಇನ್ನೊಂದು. ದರ್ಶನ್ ಪ್ರಕರಣದ್ದು ಮುಖ್ಯವಾಗಿ ಎರಡನೆಯ ಬಗೆ.

ಇಲ್ಲಿ ನನಗೊಂದು ತಕರಾರಿದೆ. ಮೇಲ್ನೋಟಕ್ಕೆ ಆರೋಪ ನಂಬುವಂತಿದೆಯೇ ನೋಡು, ಆದರೆ ಸಾಕ್ಷ್ಯವನ್ನು ತೂಗಬೇಡ ಎಂದು ಹೇಳುವುದು ಸುಲಭ. ಮೇಲಿನ ಊರ ಜಗಳದಲ್ಲಿ ಪೋಸ್ಟ್‌ಮಾರ್ಟಂ ವರದಿಯನ್ನು ದೂರಿನ ಪಕ್ಕ ಇಟ್ಟು ನೋಡದೆ ಎ-2ನ ಅರ್ಜಿಯನ್ನು ತೀರ್ಮಾನಿಸುವುದು ಹೇಗೆ? ನೋಡುವುದಕ್ಕೂ ತೂಗುವುದಕ್ಕೂ ನಡುವಿನ ಗೆರೆ ಎಲ್ಲಿದೆಯೆಂದು ಮೇಲಿನ ಕೋರ್ಟ್ ಹೇಳುವುದು ಜಡ್ಜ್ ಅದನ್ನು ದಾಟಿ ಆದ ಮೇಲೆ. ಇನ್ನು ಬಂಧನದ ಕಾರಣಗಳ ಕಥೆ: ದರ್ಶನ್ ತೀರ್ಪು ಬಂದು ಮೂರು ತಿಂಗಳಾಗುವ ಮುನ್ನ, 2025ರ ನವೆಂಬರ್ 6ರಂದು, ಸುಪ್ರೀಂ ಕೋರ್ಟಿನ ಬೇರೊಂದು ಪೀಠ ಎಲ್ಲ ಅಪರಾಧಗಳಿಗೂ ಆ ನಿಯಮವನ್ನು ಹಬ್ಬಿಸಿತು. ಬಂಧನದ ಕಾರಣವನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕು; ತಕ್ಷಣ ಆಗದಿದ್ದರೆ ರಿಮ್ಯಾಂಡಿಗೆ ಹಾಜರುಪಡಿಸುವ ಎರಡು ಗಂಟೆ ಮುಂಚೆಯಾದರೂ ಕೊಡಬೇಕು. ನಮ್ಮ ಠಾಣೆಗಳಿಗೆ ಅದರರ್ಥ, ಕನ್ನಡ ಬಾರದವನನ್ನು ಹಿಡಿದರೆ ಅವನ ಭಾಷೆಯಲ್ಲಿ ಬರೆಸುವ ವ್ಯವಸ್ಥೆಯೂ ಇರಬೇಕು.

ಅರ್ಹತೆಯ ಪ್ರಶ್ನೆಯೇ ಏಳದ ಒಂದು ಬೇಲ್ ಇದೆ: ಡಿಫಾಲ್ಟ್ ಬೇಲ್. ಕೊಲೆಯಂಥ ಪ್ರಕರಣದಲ್ಲಿ ಮೊದಲ ರಿಮ್ಯಾಂಡಿನಿಂದ 90 ದಿನದೊಳಗೆ ಚಾರ್ಜ್‌ಶೀಟ್ ಸಲ್ಲಿಸದಿದ್ದರೆ, ಕೇಳಿದ ಆರೋಪಿಗೆ ಜಾಮೀನು ಕೊಡಲೇಬೇಕು. ದರ್ಶನ್ 2024ರ ಜೂನ್ 11ರಂದು ಬಂಧಿತರಾದರು, ದೋಷಾರೋಪ ಪಟ್ಟಿ ಸೆಪ್ಟೆಂಬರ್ 4ರಂದು ಬಿತ್ತು. ಗಡುವಿಗೆ ಇನ್ನೂ ಕೆಲವು ದಿನ ಇತ್ತು. ದೊಡ್ಡ ಕೇಸುಗಳ ತನಿಖಾಧಿಕಾರಿಗಳು ಕ್ಯಾಲೆಂಡರ್ ಎದುರಿಗಿಟ್ಟುಕೊಂಡೇ ಕೂರುತ್ತಾರೆ. ಯುಎಪಿಎಯಲ್ಲಿ ಗಡುವು 180 ದಿನದವರೆಗೆ, ಮಾದಕವಸ್ತು ಕಾಯ್ದೆಯ ದೊಡ್ಡ ಪ್ರಕರಣಗಳಲ್ಲಿ ಒಂದು ವರ್ಷದವರೆಗೂ ಹಿಗ್ಗಬಲ್ಲದು.

ಈ ಕಾಯ್ದೆಗಳಲ್ಲಿ ಹಿಗ್ಗುವುದು ಗಡುವೊಂದೇ ಅಲ್ಲ, ಇಡೀ ಪ್ರಶ್ನೆಯೇ ತಿರುಗಿ ನಿಲ್ಲುತ್ತದೆ. 20 ಕಿಲೋಗಿಂತ ಹೆಚ್ಚು ಗಾಂಜಾ ಸಿಕ್ಕಿತೆಂದರೆ ಅದು ವಾಣಿಜ್ಯ ಪ್ರಮಾಣ. ಆಗ ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಆಧಾರವಿದೆ, ಹೊರಬಂದರೆ ಮತ್ತೆ ಅಪರಾಧ ಮಾಡಲಾರ ಎಂಬ ಎರಡೂ ಸಮಾಧಾನ ಜಡ್ಜ್‌ಗೆ ಆಗಬೇಕು. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಇಂಥದೇ ಷರತ್ತನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಹೊಡೆದುಹಾಕಿತು. ಸಂಸತ್ತು 2018ರಲ್ಲಿ ತಿದ್ದುಪಡಿ ತಂದಿತು, 2022ರಲ್ಲಿ ಅದೇ ಕೋರ್ಟ್ ಎತ್ತಿಹಿಡಿಯಿತು. ಯುಎಪಿಎಯಲ್ಲಿ ಪೊಲೀಸರ ಕಾಗದಗಳಿಂದ ಆರೋಪ ಮೇಲ್ನೋಟಕ್ಕೆ ನಿಜವೆಂದು ತೋರಿದರೆ ಬಾಗಿಲು ಮುಚ್ಚಿದಂತೆಯೇ. 2019ರ ವಟಾಲಿ ತೀರ್ಪು ಬಾಗಿಲಿಗೆ ಅಗುಳಿಯನ್ನೂ ಹಾಕಿತು. ಅದೇ ಕಾಯ್ದೆಯಡಿ ಬಂಧನದಲ್ಲಿದ್ದ ಪಾದ್ರಿ ಸ್ಟ್ಯಾನ್ ಸ್ವಾಮಿ 84ರ ವಯಸ್ಸಿನಲ್ಲಿ, 2021ರ ಜುಲೈ 5ರಂದು, ಜಾಮೀನಿನ ಮೇಲ್ಮನವಿ ಬಾಂಬೆ ಹೈಕೋರ್ಟಿನ ಮುಂದಿರುವಾಗಲೇ ತೀರಿಕೊಂಡರು.

ಇಷ್ಟು ಬಿಗಿ ಕಾನೂನಿನಲ್ಲೂ ಜನ ಹೊರಬರುತ್ತಿದ್ದಾರೆ. ಅವರನ್ನು ಹೊರತರುತ್ತಿರುವುದು ವಿಚಾರಣೆಯ ಮಂದಗತಿ. 2021ರ ಫೆಬ್ರುವರಿ 1ರ ನಜೀಬ್ ತೀರ್ಪು ಇದಕ್ಕೆ ದಾರಿ ಮಾಡಿತು. ಕೇರಳದ ಪ್ರಾಧ್ಯಾಪಕರೊಬ್ಬರ ಕೈ ಕಡಿದ ಪ್ರಕರಣದ ಆರೋಪಿ ಐದು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದ, 276 ಸಾಕ್ಷಿಗಳ ವಿಚಾರಣೆ ಬಾಕಿಯಿತ್ತು. ವಿಚಾರಣೆ ಸದ್ಯಕ್ಕೆ ಮುಗಿಯುವುದಿಲ್ಲವೆಂದಾದರೆ ಯುಎಪಿಎಯ ನಿರ್ಬಂಧವೂ ಸಂವಿಧಾನದ 21ನೇ ವಿಧಿಯ ಮುಂದೆ ಕರಗಬೇಕು ಎಂದಿತು ಸುಪ್ರೀಂ ಕೋರ್ಟ್. ನಮ್ಮಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆ ಪ್ರಕರಣದಲ್ಲೂ ಇದೇ ಆಯಿತು. 2017ರ ಸೆಪ್ಟೆಂಬರ್ 5ರ ಕೊಲೆ; ಸಂಘಟಿತ ಅಪರಾಧ ತಡೆಯುವ ‘ಕೋಕಾ’ ಕಾಯ್ದೆಯೂ ಬಿದ್ದಿತ್ತು; ವಿಚಾರಣೆ ಶುರುವಾದದ್ದು 2022ರಲ್ಲಿ. 2023ರ ಡಿಸೆಂಬರಿನಲ್ಲಿ ಹೈಕೋರ್ಟ್ ಒಬ್ಬ ಆರೋಪಿಗೆ ಜಾಮೀನು ಕೊಟ್ಟಾಗ, ಪಟ್ಟಿಯಲ್ಲಿದ್ದ 527 ಸಾಕ್ಷಿಗಳ ಪೈಕಿ ವಿಚಾರಣೆಯಾಗಿದ್ದದ್ದು 90 ಮಂದಿಯದು. ಮುಂದಿನ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು, ಅದನ್ನೇ ಹಿಡಿದು ಉಳಿದವರೂ ಒಬ್ಬೊಬ್ಬರಾಗಿ ಬಂದರು. 2024ರ ಅಕ್ಟೋಬರಿನಲ್ಲಿ ವಿಜಯಪುರಕ್ಕೆ ಮರಳಿದ ಇಬ್ಬರಿಗೆ ಹಾರ ಹಾಕಿ ಸ್ವಾಗತಿಸಲಾಯಿತು. ಹಾರ ಹಾಕಿದವರಿಗೆ ಆ ಆದೇಶ ಖುಲಾಸೆಯಂತೆ ಕಂಡಿತ್ತು. ಅದರಲ್ಲಿ ಇದ್ದದ್ದು ಸರ್ಕಾರ ಐದು ವರ್ಷದಲ್ಲಿ ಮುಗಿಸಲಾಗದ ಕೆಲಸದ ಲೆಕ್ಕ.

ಗಂಭೀರ ಪ್ರಕರಣಗಳ ಬೇಲ್ ಕುರಿತು ನಮ್ಮಲ್ಲಿ ನಡೆಯುವ ಜಗಳವೆಲ್ಲ ಅಡ್ಡದಾರಿ ಹಿಡಿದಿದೆ ಎಂದು ನನಗನ್ನಿಸುವುದು ಇಲ್ಲಿಯೇ. ಎರಡು ವರ್ಷದಲ್ಲಿ ತೀರ್ಪು ಬರುವ ನಾಡಾಗಿದ್ದರೆ ಬೇಲ್ ಒಂದು ಸಣ್ಣ ಪ್ರಶ್ನೆ. ತೀರ್ಪು ಹತ್ತು ವರ್ಷದಾಚೆಗಿರುವಾಗ, ಎರಡೂ ಪಕ್ಷದವರಿಗೆ ಕಣ್ಣೆದುರಿಗೆ ಸಿಗುವ ತೀರ್ಪು ಬೇಲ್ ಆದೇಶವೇ. ಆರೋಪಿಗೆ ಅದು ಬಿಡುಗಡೆ, ಸತ್ತವನ ಮನೆಯವರಿಗೆ ಸೋಲು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ಲೆಕ್ಕದ ಪ್ರಕಾರ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಹೊಸ ನಾಗರಿಕ ಸುರಕ್ಷಾ ಸಂಹಿತೆ ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಗೊಳಗಾಗದ ಆರೋಪಿಗಳಿಗೆ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದರೆ ಬಿಡಬೇಕೆಂದು ಹೇಳುತ್ತದೆ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಅದು ಅನ್ವಯಿಸುವುದಿಲ್ಲ. ಕೊಲೆ ಆರೋಪಿ ಮತ್ತೆ ಜಡ್ಜ್‌ರ ವಿವೇಚನೆಗೇ ಬರಬೇಕು.

ಆ ವಿವೇಚನೆ ಕೆಳಗಿನ ಕೋರ್ಟುಗಳಲ್ಲಿ ಬಿಗಿಯಾಗಿರುವುದೇಕೆ? 17 ತಿಂಗಳು ಜೈಲಿನಲ್ಲಿದ್ದ ದೆಹಲಿಯ ಮಾಜಿ ಉಪಮುಖ್ಯಮಂತ್ರಿ ಮನೀಶ್ ಸಿಸೋಡಿಯಾ ಅವರಿಗೆ 2024ರ ಆಗಸ್ಟಿನಲ್ಲಿ ಜಾಮೀನು ಕೊಡುವಾಗ, ವಿಚಾರಣಾ ಕೋರ್ಟುಗಳೂ ಹೈಕೋರ್ಟುಗಳೂ ಸುರಕ್ಷಿತವಾಗಿ ಆಡುತ್ತಿವೆ ಎಂಬರ್ಥದ ಮಾತನ್ನು ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೂ ಮುಂಚಿನ ತಿಂಗಳು ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಬೆಂಗಳೂರಿನ ಸಮಾವೇಶವೊಂದರಲ್ಲಿ ಇದನ್ನೇ ಹೇಳಿದ್ದರು: ಗಂಭೀರ ಪ್ರಕರಣದಲ್ಲಿ ಜಾಮೀನು ಕೊಟ್ಟರೆ ಜಡ್ಜ್‌ರ ಮೇಲೇ ಅನುಮಾನ ಬೀಳುತ್ತದೆ. ಕೊಟ್ಟರೆ ‘ಎಷ್ಟು ತಗೊಂಡ’ ಎಂಬ ಗುಸುಗುಸು, ಕೊಡದಿದ್ದರೆ ಯಾರೂ ಕೇಳುವುದಿಲ್ಲ. ಜಿಲ್ಲಾ ನ್ಯಾಯಾಧೀಶರು ಇಲ್ಲದ ಉಸಾಬರಿ ಏಕೆಂದುಕೊಂಡು ‘ಹೈಕೋರ್ಟ್ ನೋಡಿಕೊಳ್ಳಲಿ’ ಎಂದರೆ ಬೈಯುವುದು ಕಷ್ಟ. ಆದರೆ ಆ ಮಾತಿನ ಬೆಲೆ ತೆರುವವರು ಕೊಪ್ಪಳದಿಂದ ಧಾರವಾಡ ಪೀಠಕ್ಕೆ, ಯಾದಗಿರಿಯಿಂದ ಕಲಬುರಗಿ ಪೀಠಕ್ಕೆ ಅಲೆಯುವ, ಇನ್ನೊಬ್ಬ ವಕೀಲರಿಗೆ ಫೀಸು ಹೊಂದಿಸುವ ಕುಟುಂಬಗಳು.

ದೂರುದಾರರ ಕಡೆಯವರಿಗೆ ಈ ಕೋಣೆಯಲ್ಲಿ ಬಹುಕಾಲ ಜಾಗವೇ ಇರಲಿಲ್ಲ. ಸರ್ಕಾರದ ಪಿಪಿ ಇದ್ದಾರಲ್ಲ ಎಂಬುದು ವಾದ. ಅದು ಬದಲಾಗಿದೆ. ದೌರ್ಜನ್ಯ ತಡೆ ಕಾಯ್ದೆಯಡಿ ದಲಿತ ಸಂತ್ರಸ್ತರಿಗೆ ನೋಟಿಸ್ ಕೊಡದೆ ಜಾಮೀನು ಅರ್ಜಿ ಕೇಳುವಂತಿಲ್ಲ. ಹದಿನಾರರ ಒಳಗಿನ ಹುಡುಗಿಯ ಮೇಲಿನ ಅತ್ಯಾಚಾರದಲ್ಲೂ ದೂರುದಾರರು ಹಾಜರಿರಬೇಕು. ಲಖೀಂಪುರ ಖೇರಿಯಲ್ಲಿ ರೈತರ ಮೇಲೆ ವಾಹನ ಹರಿದ ಪ್ರಕರಣದಲ್ಲಿ ಸಂತ್ರಸ್ತರ ಮಾತು ಸರಿಯಾಗಿ ಕೇಳದೆ ಕೊಟ್ಟ ಜಾಮೀನನ್ನು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ರದ್ದುಮಾಡಿತು. ಆದರೆ ಕೋಣೆಯೊಳಗೆ ಬಂದವರು ಏನು ಕೇಳಿಸಿಕೊಳ್ಳಬೇಕಾಗುತ್ತದೆ ಎಂಬುದು ಬೇರೆ ಮಾತು. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅತ್ಯಾಚಾರ ಆರೋಪಿಯೊಬ್ಬನಿಗೆ ನಿರೀಕ್ಷಣಾ ಜಾಮೀನು ಕೊಡುತ್ತ, ಘಟನೆಯ ನಂತರ ಆಯಾಸವಾಗಿ ನಿದ್ರಿಸಿದೆ ಎಂಬ ಹೆಣ್ಣುಮಗಳ ಮಾತು ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ ಎಂದು ಬರೆಯಿತು. ಗದ್ದಲವಾದ ಮೇಲೆ ಆ ಸಾಲನ್ನು ತೆಗೆದುಹಾಕಲಾಯಿತು. ಅದೇ ವರ್ಷ ಮಧ್ಯಪ್ರದೇಶ ಹೈಕೋರ್ಟ್, ಆರೋಪಿ ದೂರುದಾರಳ ಮನೆಗೆ ಹೋಗಿ ರಾಖಿ ಕಟ್ಟಿಸಿಕೊಳ್ಳಬೇಕೆಂದು ಷರತ್ತು ಹಾಕಿತು! ಸುಪ್ರೀಂ ಕೋರ್ಟ್ 2021ರಲ್ಲಿ ಅದನ್ನು ಅಳಿಸಿ, ಇಂಥ ಪ್ರಕರಣಗಳಲ್ಲಿ ಜಡ್ಜ್‌ಗಳು ಏನು ಬರೆಯಬಾರದು ಎಂದು ಪಟ್ಟಿಯನ್ನೇ ಕೊಡಬೇಕಾಯಿತು.

ಜಾಮೀನು ಮಂಜೂರಾಯಿತು ಎಂದಿಟ್ಟುಕೊಳ್ಳೋಣ. ಆದೇಶದ ಕೊನೆಯಲ್ಲಿ ‘ಒಂದು ಲಕ್ಷ ರೂಪಾಯಿಯ ವೈಯಕ್ತಿಕ ಬಾಂಡ್, ಅಷ್ಟೇ ಮೊತ್ತಕ್ಕೆ ಇಬ್ಬರು ಜಾಮೀನುದಾರರು’ ಎಂದಿರುತ್ತದೆ. ಶ್ಯೂರಿಟಿ ನಿಲ್ಲುವವನು ಪಹಣಿ ತರಬೇಕು, ಆಧಾರ್ ತರಬೇಕು, ಜಮೀನಿನ ಬೆಲೆ ಬಗ್ಗೆ ಅಫಿಡವಿಟ್ ಕೊಡಬೇಕು. ಕಟಕಟೆಯ ಪಕ್ಕ ನಿಂತವನಿಗೆ ಪ್ರಶ್ನೆ ಬೀಳುತ್ತದೆ: ‘ಆರೋಪಿ ನಿಮಗೆ ಏನಾಗಬೇಕು? ತಾರೀಖಿಗೆ ಬರದಿದ್ದರೆ ಹಣ ಕಟ್ಟುತ್ತೀರಾ?’ ಕೊಲೆ ಆರೋಪಿಗೆ ನಿಲ್ಲಲು ದಾಯಾದಿಗಳೂ ಹಿಂದೆಗೆಯುತ್ತಾರೆ. ಜಮೀನಿಲ್ಲದವನ ನೆಂಟರಿಗೆ ಪಹಣಿ ಎಲ್ಲಿಂದ ಬರಬೇಕು? 1978ರ ಮೋತಿರಾಮ್ ಪ್ರಕರಣ ಇದೇ ಕಥೆ. ಮಧ್ಯಪ್ರದೇಶದ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿದ್ದರೂ ಮ್ಯಾಜಿಸ್ಟ್ರೇಟ್ ಹತ್ತು ಸಾವಿರದ ಶ್ಯೂರಿಟಿ ಕೇಳಿದ್ದರು. ಸಹೋದರನ ಆಸ್ತಿ ಬೇರೆ ಜಿಲ್ಲೆಯದೆಂದು ತಳ್ಳಿದ್ದರು. ಕೃಷ್ಣ ಅಯ್ಯರ್ ಒಂದು ಸಾವಿರದ ಸ್ವಂತ ಬಾಂಡ್ ಮೇಲೆ ಬಿಡಿಸಿದರು. ಕನ್ನಡಿಗನೋ ಮಲಯಾಳಿಯೋ ಬಸ್ತರಿನಲ್ಲಿ, ಚಾಂದನಿ ಚೌಕದಲ್ಲಿ ಸಿಕ್ಕಿಬಿದ್ದರೆ ಸ್ಥಳೀಯ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದು ಅವರು ಆ ತೀರ್ಪಿನಲ್ಲಿ ಕೇಳಿದ್ದರು. ಇವತ್ತು ಪ್ರಶ್ನೆ ಉಲ್ಟಾ ನಿಂತಿದೆ: ಬೆಂಗಳೂರಿನ ಕಟ್ಟಡದ ಸೈಟಿನಲ್ಲಿ ಬಂಧನವಾದ ಬಿಹಾರದ ಕೂಲಿಗೆ ಇಲ್ಲಿ ಪಹಣಿಯ ನೆಂಟ ಯಾರಿದ್ದಾನೆ?

ಆದೇಶವಾಗಿ ಏಳು ದಿನದೊಳಗೆ ಕೈದಿ ಹೊರಬರದಿದ್ದರೆ ಜೈಲು ಸೂಪರಿಂಟೆಂಡೆಂಟ್ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿತು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳ ನೆರವಿಗೆ ಯೋಜನೆ ತಂದಿತು. 2023ರ ನಿಯಮದಂತೆ ಜಾಮೀನಿನ ಹಣ ಹೊಂದಿಸಲಾಗದ ವಿಚಾರಣಾಧೀನ ಕೈದಿಗೆ 40 ಸಾವಿರ ರೂಪಾಯಿವರೆಗೆ ಸಿಗುತ್ತಿತ್ತು. ಕೊಲೆ ಆರೋಪಿಯೂ ಅದನ್ನು ಕೇಳಬಹುದಿತ್ತು. ಯುಎಪಿಎ, ಮಾದಕವಸ್ತು, ಹಣ ಅಕ್ರಮ ವರ್ಗಾವಣೆ, ಭ್ರಷ್ಟಾಚಾರ ತಡೆ ಕಾಯ್ದೆಗಳಡಿ ಸಿಕ್ಕಿಬಿದ್ದವರನ್ನು ಮಾತ್ರ ಪಟ್ಟಿಯಿಂದ ಹೊರಗಿಟ್ಟಿದ್ದಾರೆ. ವಾಣಿಜ್ಯ ಪ್ರಮಾಣದ ಗಾಂಜಾ ಮೂಟೆ ಹೊತ್ತು ಸಿಕ್ಕಿಬಿದ್ದ ದಿನಗೂಲಿಯವನು, ಜಡ್ಜ್‌ರ ಎರಡೂ ಸಮಾಧಾನ ಗಳಿಸಿ ಆದೇಶ ಪಡೆದ ಮೇಲೂ, ಶ್ಯೂರಿಟಿಯನ್ನು ತಾನೇ ಹುಡುಕಿಕೊಳ್ಳಬೇಕು.